ವಾಡಿಯ ಚರ್ಚು ಮತ್ತು ನೆರೆಯವರ ಹೊಣೆ

1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯಲ್ಲಿ ಅಂದಿನ ಹೊಸ ಮೈಸೂರು ರಾಜ್ಯಕ್ಕೆ ಸೇರತಕ್ಕ ಪ್ರದೇಶಗಳ ಪಟ್ಟಿಯೊಂದಿದೆ. ದಕ್ಷಿಣ ಕನ್ನಡ ಜಿಲ್ಲೆ ಸೇರಬೇಕು, ಆದರೆ ಕಾಸರಗೋಡು ತಾಲೂಕು ಮತ್ತು ಅಮೀನ್‌ದೀವಿ ದ್ವೀಪಗಳ ಹೊರತು. ರಾಯಚೂರು ಜಿಲ್ಲೆ ಸೇರಬೇಕು, ಆದರೆ ಆಲಂಪುರ ಮತ್ತು ಗದ್ವಾಲ ತಾಲೂಕುಗಳ ಹೊರತು. ಈ ‘ಹೊರತು’ ಎಂಬ ಒಂದು ಮಾತಿನಿಂದ ಕಾಸರಗೋಡಿನ ತಾವೂ ಗದ್ವಾಲದ ಕಡೆಯ ನಾವೂ ಒಂದೇ ದಿನ ಭಾಷಾ ಅಲ್ಪಸಂಖ್ಯಾತರಾದೆವು. ಮಕ್ತಲ, ನಾರಾಯಣಪೇಟೆಗಳು ಮೊದಲಿನಿಂದಲೂ ಮಹಬೂಬನಗರ ಜಿಲ್ಲೆಯಲ್ಲಿದ್ದವು. ಅಲ್ಲಿಯೂ ಎಷ್ಟೋ ಕುಟುಂಬಗಳ ಮನೆಮಾತು ಕನ್ನಡವೇ.

ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಕೊಟ್ಟದ್ದು ಸಂವಿಧಾನದ 30ನೆಯ ವಿಧಿ. ಅದು ಧರ್ಮದಿಂದ ಅಲ್ಪಸಂಖ್ಯಾತರಾದವರನ್ನೂ ಭಾಷೆಯಿಂದ ಅಲ್ಪಸಂಖ್ಯಾತರಾದವರನ್ನೂ ಒಂದೇ ವಾಕ್ಯದಲ್ಲಿ ಕೂರಿಸಿದೆ. ಒಂದು ಚರ್ಚಿನ ಮೇಲೆ ಕಲ್ಲು ಬಿದ್ದಾಗ ‘ಅದು ಅವರ ವಿಷಯ’ ಎನ್ನುವ ಕನ್ನಡಿಗನು ಈ ವಾಕ್ಯವನ್ನು ಓದಿಕೊಳ್ಳುವುದು ಒಳ್ಳೆಯದು.

ನಮ್ಮ ಸೀಮೆಗೆ ಅತಿ ಹತ್ತಿರದ ಉದಾಹರಣೆ ವಾಡಿಯದು. ಮಕ್ತಲದವರು ರೈಲು ಹತ್ತುವ ಕೃಷ್ಣಾ ಸ್ಟೇಷನ್ನಿನಿಂದ ಯಾದಗಿರಿ ದಾಟಿದರೆ ವಾಡಿ ಜಂಕ್ಷನ್. ಸಿಮೆಂಟ್ ಕಾರ್ಖಾನೆಯ ಊರು. 2000ದ ಜೂನ್ 8ರಂದು ಅಲ್ಲಿನ ಸಂತ ಅನ್ನಮ್ಮನವರ ಚರ್ಚಿನಲ್ಲಿ (ತಮ್ಮ ಕಡೆಯ ಮಾತಿನಲ್ಲಿ ಇಗರ್ಜಿ) ಬಾಂಬು ಸಿಡಿಯಿತು. ಅದೇ ದಿನ ಆಂಧ್ರದ ಓಂಗೋಲು, ತಾಡೇಪಲ್ಲಿಗೂಡೆಂಗಳಲ್ಲೂ ಚರ್ಚುಗಳಲ್ಲಿ ಸ್ಫೋಟಗಳಾದವು. ಜುಲೈ 8ರಂದು ಹುಬ್ಬಳ್ಳಿಯ ಲೂಥರನ್ ಚರ್ಚು, 9ರಂದು ಬೆಂಗಳೂರಿನ ಜಗಜೀವನರಾಂ ನಗರದ ಚರ್ಚು ಇದೇ ಕೃತ್ಯಕ್ಕೆ ತುತ್ತಾದವು.

ಆಗ ನಾನು ಕಾಲೇಜು ಹುಡುಗ. ಚಹಾದಂಗಡಿಯಲ್ಲಿ ಕೂತವರು ತಮಗೆ ಬೇಡವಾದವರ ಹೆಸರನ್ನೇ ಅಪರಾಧಿಯೆಂದು ಹೇಳುತ್ತಿದ್ದುದು ನೆನಪಿದೆ. ಪೆಟ್ಟು ತಿಂದವರ ಬಗ್ಗೆ ಮಾತಾಡಿದವರು ಕಡಿಮೆ. ಸತ್ಯ ಹೊರಬಿದ್ದದ್ದು ಊಹೆಯಿಂದಲ್ಲ. ಜುಲೈ 9ರ ರಾತ್ರಿ ಬೆಂಗಳೂರಿನಲ್ಲಿ ಬಾಂಬು ಒಯ್ಯುತ್ತಿದ್ದ ಮಾರುತಿ ವ್ಯಾನ್ ಒಂದು ತಾನೇ ಸಿಡಿದು, ಅದರಲ್ಲಿದ್ದ ಇಬ್ಬರು ಸತ್ತರು. ಆ ಜಾಡು ಹಿಡಿದ ಪೊಲೀಸರು ಹೈದರಾಬಾದಿನ ಆಸಿಫ್‌ನಗರದಲ್ಲಿ ಕೇಂದ್ರವಿದ್ದ ದೀನ್‌ದಾರ್ ಅಂಜುಮನ್ ಎಂಬ ಚಿಕ್ಕ ಪಂಥದವರನ್ನು ಮುಟ್ಟಿದರು. ಹಿಂದೂಗಳಿಗೂ ಕ್ರೈಸ್ತರಿಗೂ ಜಗಳ ಹಚ್ಚುವುದೇ ಇವರ ಉದ್ದೇಶವೆಂಬುದು ಸರಕಾರಿ ಪಕ್ಷದ ವಾದ. 2001ರಲ್ಲಿ ಆ ಸಂಘಟನೆಗೆ ನಿಷೇಧ ಬಂತು. 2008ರ ನವೆಂಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು 23 ಮಂದಿಗೆ ಶಿಕ್ಷೆ ವಿಧಿಸಿತು. ಇಲ್ಲಿ ಗಮನಿಸತಕ್ಕದ್ದು ಇಷ್ಟು: ಮೊದಲು ಹಿಂದೂಗಳನ್ನು ಬೈದವರ ಮಾತು ಹೇಗೆ ನಿಲ್ಲಲಿಲ್ಲವೋ, ಆಮೇಲೆ ಮುಸ್ಲಿಮರೆಲ್ಲರನ್ನೂ ಬೈದವರ ಮಾತೂ ಹಾಗೆಯೇ ನಿಲ್ಲುವಂಥದಲ್ಲ. ನ್ಯಾಯಾಲಯ ಶಿಕ್ಷಿಸಿದ್ದು ಹೆಸರಿದ್ದ ಆರೋಪಿಗಳನ್ನು, ಒಂದು ಧರ್ಮವನ್ನಲ್ಲ.

ಆ ತೀರ್ಪು ಬರುವ ಎರಡೂವರೆ ತಿಂಗಳ ಮೊದಲೇ, 2008ರ ಸೆಪ್ಟೆಂಬರ್ 14ರ ಭಾನುವಾರ, ತಮ್ಮ ನೆರೆಯ ಮಂಗಳೂರಿನಲ್ಲಿ ಮಿಲಾಗ್ರಿಸ್ ಬಳಿಯ ಸನ್ಯಾಸಿನಿಯರ ಆರಾಧನಾ ಮಂದಿರಕ್ಕೆ ಗುಂಪು ನುಗ್ಗಿತ್ತು. ಕರಾವಳಿಯ ಇನ್ನೂ ಹಲವು ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿಗಳಾದವು. ಅಂದು ಬಜರಂಗ ದಳದ ರಾಜ್ಯ ಸಂಚಾಲಕರಾಗಿದ್ದ ಮಹೇಂದ್ರ ಕುಮಾರ್ ಅವುಗಳನ್ನು ಬಹಿರಂಗವಾಗಿ ಸಮರ್ಥಿಸಿ ಬಂಧನಕ್ಕೊಳಗಾದರು. ಮುಂದೆ ಅವರೇ ಆ ಸಂಘಟನೆಯನ್ನು ತೊರೆದು, 2020ರಲ್ಲಿ ತೀರಿಕೊಳ್ಳುವ ತನಕ ಸೌಹಾರ್ದದ ಪರವಾಗಿ ಊರೂರು ಮಾತಾಡಿದರು. ಸರಕಾರ ನೇಮಿಸಿದ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗದ ವರದಿ 2011ರಲ್ಲಿ ಬಂತು. ಕ್ರೈಸ್ತ ಮುಖಂಡರು ಅದನ್ನು ಒಪ್ಪಲಿಲ್ಲ. ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಸಲ್ಡಾನ್ಹಾ ಪ್ರತ್ಯೇಕವಾಗಿ ವಿಚಾರಿಸಿ ಬೇರೆಯೇ ತೀರ್ಮಾನ ಕೊಟ್ಟರು. ವಾಡಿಯವರಿಗೆ ಒಂದು ತೀರ್ಪು ಸಿಕ್ಕಿತು. ಮಂಗಳೂರಿನವರಿಗೆ ಎರಡು ವರದಿಗಳು ಸಿಕ್ಕವು. ಪೆಟ್ಟು ತಿಂದವನಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಹಾಗಾದರೆ ನೆರವು ಎಂದರೇನು? ಇತಿಹಾಸದಲ್ಲಿ ಒಂದು ಉತ್ತರವಿದೆ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾ ಸೀಮೆಯ ಸಾವಿರಾರು ಕೆಥೊಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದನು. ತಪ್ಪಿಸಿಕೊಂಡು ಬಂದ ಕೆಲವರನ್ನು ಕೊಡಗಿನ ದೊಡ್ಡ ವೀರರಾಜೇಂದ್ರನು ಬರಮಾಡಿಕೊಂಡನು. ಅವನೂ ಟಿಪ್ಪುವಿನ ಸೆರೆಯಿಂದ 1788ರಲ್ಲಿ ಪಾರಾಗಿ ಬಂದವನೇ. 1792ರಲ್ಲಿ ತಾನು ಕಟ್ಟಿಸಿದ ವೀರರಾಜಪೇಟೆಯಲ್ಲಿ ಅವರಿಗೆ ನೆಲೆ ಕೊಟ್ಟನು. ಅಲ್ಲಿ ಎದ್ದ ಚರ್ಚು ಕೂಡ ಸಂತ ಅನ್ನಮ್ಮನವರದೇ, ಇಂದಿಗೂ ಇದೆ. ಆ ಶಿವಭಕ್ತ ಅರಸನು ಅವರ ಮತವನ್ನು ಒಪ್ಪಬೇಕಾಗಿರಲಿಲ್ಲ. ಕಾಲೂರಲು ಜಾಗ ಕೊಟ್ಟನು, ಅಷ್ಟೆ. ಅದು ಇನ್ನೂರು ವರ್ಷ ಬಾಳಿತು.

ಕ್ರೈಸ್ತರು ನಮಗೆ ಕಿಟ್ಟೆಲರ ನಿಘಂಟು ಕೊಟ್ಟರು, ಜಡ್ಚರ್ಲಾದ ಮಿಷನ್ ಆಸ್ಪತ್ರೆ ಕೊಟ್ಟರು, ಆದ್ದರಿಂದ ಅವರನ್ನು ಕಾಪಾಡಬೇಕು ಎಂದು ಹೇಳುವವರಿದ್ದಾರೆ. ಉಪಕಾರಸ್ಮರಣೆ ಒಳ್ಳೆಯದೇ. ಆದರೆ ಏನನ್ನೂ ಕೊಡಲಾಗದ ಬಡ ಚರ್ಚಿನ ಕೂಲಿಯವನಿಗೂ ಅದೇ ರಕ್ಷಣೆ ಸಲ್ಲಬೇಕು. ಹಕ್ಕನ್ನು ಸಾಲದ ಹಾಗೆ ಲೆಕ್ಕ ಹಾಕಬಾರದೆಂದು ದಿನವೂ ಸಾಲದ ಖಾತೆ ಬರೆಯುವ ನನಗೆ ಅನ್ನಿಸುತ್ತದೆ.

ಅರಸನ ನೆಲ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಸಾಕ್ಷಿ. ಕಂಡದ್ದನ್ನು ಠಾಣೆಯಲ್ಲೂ ಆಯೋಗದ ಮುಂದೆಯೂ ಕಂಡ ಹಾಗೆ ಹೇಳುವುದು, ಕಾಣದ್ದನ್ನು ಯಾರ ಮೇಲೂ ಹೊರಿಸದಿರುವುದು, ಇವೆರಡನ್ನು ನೆರೆಯವನಲ್ಲದೆ ಬೇರೆ ಯಾರೂ ಮಾಡಲಾರರು. ನಾಳೆ ಗಡಿಯ ಕನ್ನಡ ಶಾಲೆಯೊಂದರ ಬಾಗಿಲು ಮುಚ್ಚಿಸಲು ಯಾರಾದರೂ ಬಂದರೆ, ನಮ್ಮ ಪರವಾಗಿ ನುಡಿಯಲು ಮಲಯಾಳವೋ ತೆಲುಗೋ ಆಡುವ ನೆರೆಯವರು ಬೇಕಾಗುತ್ತಾರೆ. ಅಂಥ ನೆರೆಯವರು ನಾವೇ ಮೊದಲು ಆಗಿರಬೇಕಲ್ಲವೇ?