ಪ್ರೊಸೀಜರಿನೊಳಗಿಂದ ಪ್ರೊಸೀಜರ್: ಜಾವಾ ಮತ್ತು ಡೇಟಾಬೇಸ್ ನಡೆದು ಬಂದ ದಾರಿ

ಡೇಟಾಬೇಸಿನ ಒಳಗೇ ಇದ್ದು, ಹೆಸರು ಹಿಡಿದು ಕರೆದಾಗ ಓಡುವ ಪ್ರೋಗ್ರಾಮೇ ಸ್ಟೋರ್ಡ್ ಪ್ರೊಸೀಜರ್. 1987ರಲ್ಲಿ ಸೈಬೇಸ್, 1992ರಲ್ಲಿ ಒರಾಕಲ್ 7 ಈ ಸೌಲಭ್ಯವನ್ನು ತಂದವು. ಸೈಬೇಸಿನದು ಟ್ರಾನ್ಸಾಕ್ಟ್-ಎಸ್‌ಕ್ಯೂಎಲ್, ಒರಾಕಲ್‌ನದು ಪಿಎಲ್/ಎಸ್‌ಕ್ಯೂಎಲ್. ಎರಡರಲ್ಲೂ ಒಂದು ಪ್ರೊಸೀಜರ್ ಇನ್ನೊಂದನ್ನು ಕರೆಯಬಹುದಿತ್ತು.

ಅದರ ಅಗತ್ಯವನ್ನು ಭೂದಾಖಲೆಯಲ್ಲಿ ಚೆನ್ನಾಗಿ ಕಾಣಬಹುದು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದ ನೆರವಿನಿಂದ ಕರ್ನಾಟಕದ ಪಹಣಿಗಳು 2000ರ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ಕಂಪ್ಯೂಟರಿಗೆ ಬಂದವು. ಕಲಬುರಗಿ ಜಿಲ್ಲೆಯ ತೆಂಗಳಿಯಲ್ಲಿ ಒಬ್ಬ ರೈತ ನಾಲ್ಕು ಎಕರೆಯಲ್ಲಿ ಒಂದೆಕರೆ ಮಾರಿದನೆಂದುಕೊಳ್ಳೋಣ. ಮಾರಿದವನ ವಿಸ್ತೀರ್ಣ ಇಳಿಯಬೇಕು, ಕೊಂಡವನ ಹೆಸರು ಸೇರಬೇಕು, ಮ್ಯುಟೇಶನ್ ವಹಿಯಲ್ಲಿ ನಮೂದಾಗಬೇಕು. ಪ್ರತಿ ಕೆಲಸಕ್ಕೂ ಒಂದು ಪ್ರೊಸೀಜರ್ ಬರೆದು, ಮೇಲಿನ ಒಂದು ಪ್ರೊಸೀಜರಿನಿಂದ ಎಲ್ಲವನ್ನೂ ಕರೆಯುವಂತೆ ಮಾಡಿದರೆ, ಅದೇ ತುಂಡುಗಳು ಪೌತಿ ಖಾತೆಗೂ ವಿಭಾಗ ಪತ್ರಕ್ಕೂ ಒದಗುತ್ತವೆ. ಆದರೆ ನಡುವೆ ಒಂದು ಕೆಲಸ ಕೆಟ್ಟರೆ ಉಳಿದವೂ ರದ್ದಾಗಲೇಬೇಕು. ಇಲ್ಲದಿದ್ದರೆ ಒಂದೆಕರೆ ಇಬ್ಬರ ಹೆಸರಲ್ಲಿ ನಿಲ್ಲುತ್ತದೆ, ಇಲ್ಲವೇ ಯಾರ ಹೆಸರಲ್ಲೂ ಇರುವುದಿಲ್ಲ.

ಜಾವಾ ಈ ಕ್ಷೇತ್ರಕ್ಕೆ ಮೊದಲು ಬಂದದ್ದು ಹೊರಗಿನಿಂದ. 1997ರ ಜೆಡಿಕೆ 1.1ರಲ್ಲಿದ್ದ, ಜಾವಾವನ್ನು ಡೇಟಾಬೇಸಿಗೆ ಜೋಡಿಸುವ ಜೆಡಿಬಿಸಿಯ ಕಾಲೇಬಲ್ ಸ್ಟೇಟ್‌ಮೆಂಟ್ ಪ್ರೊಸೀಜರನ್ನು ಕರೆಯುವ ಏಕರೂಪದ ವಿಧಾನ ಕೊಟ್ಟಿತು. ಆದರೆ ಮೂರು ಕರೆಗೆ ಮೂರು ಬಾರಿ ನೆಟ್‌ವರ್ಕ್ ದಾಟಬೇಕಾಗುತ್ತಿತ್ತು. 1999ರಲ್ಲಿ ಒರಾಕಲ್ 8ಐ ಡೇಟಾಬೇಸಿನೊಳಗೇ ಜಾವಾ ಯಂತ್ರವನ್ನು ಕೂರಿಸಿತು. ಪೂರ್ತಿ ಜಾವಾದಲ್ಲೇ ಬರೆದ ಕ್ಲೌಡ್‌ಸ್ಕೇಪ್ ಡೇಟಾಬೇಸ್ 2004ರಲ್ಲಿ ಐಬಿಎಂನಿಂದ ಅಪಾಚೆ ಪ್ರತಿಷ್ಠಾನಕ್ಕೆ ಬಂದು ಡರ್ಬಿ ಎನಿಸಿತು. ಜಾವಾದ ಸ್ಟ್ಯಾಟಿಕ್ ಮೆಥಡ್ ಒಂದನ್ನು ಪ್ರೊಸೀಜರ್ ಎಂದು ನೋಂದಾಯಿಸುವ ಕ್ರಮ 2002ರಲ್ಲಿ ಎಸ್‌ಕ್ಯೂಎಲ್ ಮಾನದಂಡದ 13ನೆಯ ಭಾಗವಾಯಿತು.

ಈ ವ್ಯವಸ್ಥೆಯ ಕೀಲಿ 'ಜೆಡಿಬಿಸಿ:ಡಿಫಾಲ್ಟ್:ಕನೆಕ್ಷನ್' ಎಂಬ ವಿಳಾಸ. ಒಳಗಿನ ಜಾವಾ ಕೋಡ್ ಈ ವಿಳಾಸದಿಂದ ಸಂಪರ್ಕ ಕೇಳಿದರೆ, ತನ್ನನ್ನು ಕರೆದ ಸೆಷನ್ನೇ ಸಿಗುತ್ತದೆ, ಟ್ರಾನ್ಸಾಕ್ಷನ್ನೂ (ಒಟ್ಟಿಗೇ ಉಳಿಯುವ ಇಲ್ಲವೇ ರದ್ದಾಗುವ ಕೆಲಸಗಳ ಗುಂಪು) ಅದೇ. ಅದರ ಮೇಲೆ 'ಕಾಲ್' ಹೇಳಿಕೆ ಕಳುಹಿಸಿದರೆ ಎರಡನೆಯ ಪ್ರೊಸೀಜರ್ ಓಡುತ್ತದೆ. ಮರಳಿ ಬರಬೇಕಾದ ಮೌಲ್ಯ, ಉದಾಹರಣೆಗೆ ಹೊಸ ಮ್ಯುಟೇಶನ್ ಸಂಖ್ಯೆ, ಒಂದೇ ಮನೆಯ ಅರೇ ಮೂಲಕ ಬರುತ್ತದೆ. ಸಾಮಾನ್ಯ ವಿಳಾಸ ಕೊಟ್ಟು ಹೊಸ ಸಂಪರ್ಕ ತೆರೆದರೆ ಟ್ರಾನ್ಸಾಕ್ಷನ್ ಬೇರೆಯಾಗುತ್ತದೆ: ಹೊರಗಿನದು ಹಿಡಿದಿಟ್ಟ ಸಾಲಿನ ಬೀಗಕ್ಕೆ ಒಳಗಿನದು ಕಾಯುತ್ತದೆ, ಒಳಗಿನದು ಮುಗಿಯಲೆಂದು ಹೊರಗಿನದು ಕಾಯುತ್ತದೆ.

ಎರಡೂ ಪ್ರೊಸೀಜರುಗಳು ಜಾವಾದಲ್ಲಿದ್ದರೆ ಒಂದು ಮೆಥಡ್ ಇನ್ನೊಂದನ್ನು ನೇರವಾಗಿಯೂ ಕರೆಯಬಹುದು. ಅದು ವೇಗದ ದಾರಿ. ಆದರೆ ಪ್ರೊಸೀಜರ್ ಓಡಿಸುವ ಅನುಮತಿಯನ್ನು ಡೇಟಾಬೇಸ್ ಆಗ ಪರೀಕ್ಷಿಸುವುದಿಲ್ಲ. 'ಕಾಲ್' ಮೂಲಕ ಹೋದರೆ ಆ ಪರೀಕ್ಷೆ ನಡೆಯುತ್ತದೆ, ಒಳಗಿನ ಪ್ರೊಸೀಜರ್ ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ. ಓದಲು ಮಾತ್ರ ಎಂದು ಘೋಷಿಸಿದ ಪ್ರೊಸೀಜರ್ ದತ್ತಾಂಶ ತಿದ್ದುವುದಕ್ಕೂ ಡರ್ಬಿ ಬಿಡುವುದಿಲ್ಲ. ಹಕ್ಕುದಾಖಲೆಯಂಥ ಕಡೆ ಈ ಕಾವಲಿಗೆ ವೇಗಕ್ಕಿಂತ ಬೆಲೆ ಹೆಚ್ಚು.

ದೋಷಗಳ ನಿರ್ವಹಣೆ ನಿಧಾನವಾಗಿ ಬೆಳೆಯಿತು. ಒಳಗಿನ ಪ್ರೊಸೀಜರ್ ಎಸೆದ ಎಕ್ಸೆಪ್ಷನ್ನನ್ನು ಹೊರಗಿನದು ಹಿಡಿದು ಸುಮ್ಮನಾದರೆ ಅರೆಬರೆ ಕೆಲಸ ಕಮಿಟ್ ಆಗುವ, ಅಂದರೆ ಖಾಯಂ ಆಗುವ, ಅಪಾಯವಿತ್ತು. 2002ರಲ್ಲಿ ಜಾವಾ 1.4 ಜೊತೆ ಬಂದ ಜೆಡಿಬಿಸಿ 3.0 ಸೇವ್‌ಪಾಯಿಂಟ್ ಕೊಟ್ಟಿದ್ದರಿಂದ, ಒಳಗಿನ ಕರೆಯಷ್ಟನ್ನೇ ಹಿಂದಕ್ಕೆಳೆಯುವುದು ಸಾಧ್ಯವಾಯಿತು. ಕರೆಗಳ ಆಳಕ್ಕೂ ಮಿತಿಯುಂಟು. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅದು 32 ಹಂತ.

ಹೈಬರ್ನೇಟ್, ಸ್ಪ್ರಿಂಗ್ ಎಂಬ ಜಾವಾ ಚೌಕಟ್ಟುಗಳು ಬಂದ ಮೇಲೆ ಬಹಳಷ್ಟು ತರ್ಕ ಡೇಟಾಬೇಸಿನಿಂದ ಹೊರಬಂದು ಅಪ್ಲಿಕೇಶನ್ ಸರ್ವರ್ ಸೇರಿತು. ಆದರೂ ಪ್ರೊಸೀಜರುಗಳು ಉಳಿದುಕೊಂಡವು: ಜಾವಾದಿಂದ ಡೇಟಾಬೇಸ್ ಬಳಸುವ ಮಾನದಂಡವಾದ ಜೆಪಿಎಯ 2013ರ 2.1 ಆವೃತ್ತಿ ಅವುಗಳನ್ನು ಕರೆಯುವ ಸೌಲಭ್ಯ ಸೇರಿಸಿತು. 2018ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ 11 ಕಮಿಟ್ ಮಾಡಬಲ್ಲ ಪ್ರೊಸೀಜರ್ ತಂದಿತು. ಆದರೆ ಕರೆದವರು ಮೊದಲೇ ಟ್ರಾನ್ಸಾಕ್ಷನ್ ಆರಂಭಿಸಿದ್ದರೆ ಅದು ಕಮಿಟ್ ಮಾಡಲು ಹೋದಾಗ ದೋಷ ಬರುತ್ತದೆ. ಟ್ರಾನ್ಸಾಕ್ಷನ್ ಆರಂಭಿಸಿದವರೇ ಅದನ್ನು ಮುಗಿಸಬೇಕು. ಒಳಗಿನ ಪ್ರೊಸೀಜರುಗಳು ತಮ್ಮ ಕೆಲಸ ಮಾಡಿ ಫಲವನ್ನೋ ದೋಷವನ್ನೋ ಮೇಲಕ್ಕೆ ತಿಳಿಸಬೇಕು. ಭಾಷೆ ಯಾವುದಿದ್ದರೂ ಈ ನಿಯಮ ಪಾಲಿಸಿ ಇಟ್ಟ ದಾಖಲೆ ನಂಬಿಕೆಗೆ ಅರ್ಹ.