ತಮ್ಮನ ಪುಸ್ತಕದ ಖಾಲಿ ಹಾಳೆಗಳು

ನಮ್ಮ ತಾಯಂದಿರ ಹಾಡಿನ ಪುಸ್ತಕಗಳನ್ನು ನೀವೂ ನೋಡಿರುತ್ತೀರಿ. ಒಂದು ಪುಟದಲ್ಲಿ ದೇವರನಾಮ, ಎದುರು ಪುಟದಲ್ಲಿ ಚುಕ್ಕಿ ಎಣಿಸಿ ಬಿಡಿಸಿದ ರಂಗೋಲಿ. ತಿರುಗಿಸಿ ಹಿಂದಿನಿಂದ ತೆರೆದರೆ ಹಾಲಿನ ಲೆಕ್ಕ. ನನ್ನ ಅಮ್ಮನದೂ ಅಂಥದೇ ಒಂದು ಪುಸ್ತಕ ನನ್ನ ಬೀರುವಿನಲ್ಲಿದೆ. ಅರ್ಧಕ್ಕಿಂತ ಹೆಚ್ಚು ಹಾಳೆಗಳು ಖಾಲಿ. ಅಮ್ಮ ಹೋದಮೇಲೆ ಅದರಲ್ಲಿ ಒಂದು ಅಕ್ಷರ ಬರೆಯುವುದಕ್ಕೂ ನನಗೆ ಧೈರ್ಯ ಬಂದಿರಲಿಲ್ಲ. ಇಂಗ್ಲೆಂಡಿನ ಕವಿ, ಚಿತ್ರಕಾರ ವಿಲಿಯಂ ಬ್ಲೇಕ್‌ನ ಸ್ಕೆಚ್ ಪುಸ್ತಕದ ಕಥೆ ಓದುವಾಗ ಮತ್ತೆ ಮತ್ತೆ ಕಣ್ಣ ಮುಂದೆ ಬಂದದ್ದು ಈ ಪುಸ್ತಕವೇ.

ಬ್ಲೇಕ್ (1757–1827) ಲಂಡನ್ನಿನಲ್ಲಿ ತಾಮ್ರದ ತಗಡಿನ ಮೇಲೆ ಚಿತ್ರ ಕೆತ್ತಿ ಹೊಟ್ಟೆ ಹೊರೆಯುತ್ತಿದ್ದವನು. ತಮ್ಮ ರಾಬರ್ಟ್ ಎಂದರೆ ಅವನಿಗೆ ಪ್ರಾಣ. ಅವನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಚಿತ್ರ ಬರೆಯುವುದನ್ನು ಕಲಿಸಿದ. 1787ರಲ್ಲಿ ರಾಬರ್ಟ್ ಕಾಯಿಲೆ ಬಿದ್ದು ತೀರಿಕೊಂಡ. ಕೊನೆಯ ಎರಡು ವಾರ ಅಣ್ಣ ಹಗಲೂ ರಾತ್ರಿಯೂ ಹಾಸಿಗೆಯ ಪಕ್ಕದಲ್ಲೇ ಕೂತಿದ್ದ, ಎಲ್ಲ ಮುಗಿದ ಮೇಲೆ ಮೂರು ದಿನ ಎಚ್ಚರವಿಲ್ಲದೆ ಮಲಗಿದ್ದ ಎಂದು ಬ್ಲೇಕ್‌ನ ಜೀವನಚರಿತ್ರೆ ಬರೆದ ಗಿಲ್‌ಕ್ರಿಸ್ಟ್ ಹೇಳುತ್ತಾನೆ. ತಮ್ಮನ ಚಿತ್ರದ ನೋಟ್‌ಬುಕ್ಕೊಂದು ಉಳಿಯಿತು. ಸುಮಾರು 20 ಸೆಂಟಿಮೀಟರ್ ಎತ್ತರದ ಪುಟ್ಟ ಪುಸ್ತಕ. ಮೊದಲ ಕೆಲವು ಪುಟಗಳಲ್ಲಿ ಮಾತ್ರ ರಾಬರ್ಟ್‌ನ ಚಿತ್ರಗಳು.

ಬ್ಲೇಕ್ ಅದನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಲಿಲ್ಲ. ಉಳಿದ ಹಾಳೆಗಳಲ್ಲಿ ತಾನು ಬರೆಯತೊಡಗಿದ. ಹೆಚ್ಚುಕಡಿಮೆ ಮೂವತ್ತು ವರ್ಷ ಬರೆದ. ಮೊದಲು ಪುಟದ ನಡುವೆ ಪೆನ್ಸಿಲ್ಲಿನ ಚಿಕ್ಕ ಚಿಕ್ಕ ಚಿತ್ರಗಳು. ಅವುಗಳಲ್ಲಿ ಕೆಲವನ್ನು ಆರಿಸಿ 1793ರಲ್ಲಿ ಮಕ್ಕಳಿಗೆಂದು ಒಂದು ಚಿತ್ರಪುಸ್ತಕ ಮಾಡಿದ. ಆಮೇಲೆ, ನಮ್ಮ ಹೆಂಗಸರು ಹಾಲಿನ ಲೆಕ್ಕಕ್ಕೆ ಮಾಡುವಂತೆಯೇ, ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ಕವಿತೆಗಳ ಕರಡು ಬರೆದ. ಇಂದು ಶಾಲೆಯ ಮಕ್ಕಳೂ ಬಲ್ಲ ‘ದಿ ಟೈಗರ್’ ಕವಿತೆಯ ಕರಡು ಅಲ್ಲಿದೆ. ಒಂದು ಪದ ಬರೆದು ಹೊಡೆದುಹಾಕಿ, ಇನ್ನೊಂದು ಬರೆದು, ಅದನ್ನೂ ತಿದ್ದಿದ ಗುರುತುಗಳು. ಅಷ್ಟು ಗಟ್ಟಿಯಾಗಿ ನಿಂತ ಕವಿತೆಯೂ ಒಮ್ಮೆ ಹೀಗೆ ತಡವರಿಸಿತ್ತು!

ಚಿತ್ರವೂ ಕವಿತೆಯೂ ಕೂಡಿಯೇ ಇರುವ ಪುಸ್ತಕ ಮಾಡುವುದು ಆ ಕಾಲಕ್ಕೆ ಸುಲಭವಿರಲಿಲ್ಲ. ಅಕ್ಷರಕ್ಕೆ ಅಚ್ಚಿನ ಮೊಳೆ, ಚಿತ್ರಕ್ಕೆ ತಾಮ್ರದ ತಗಡು. ಎರಡಕ್ಕೂ ಬೇರೆ ಬೇರೆ ಯಂತ್ರ, ಬೇರೆ ಬೇರೆ ಖರ್ಚು. ಸತ್ತ ತಮ್ಮನೇ ಕಾಣಿಸಿಕೊಂಡು ಉಪಾಯ ಹೇಳಿಕೊಟ್ಟನೆಂದು ಬ್ಲೇಕ್ ಹೇಳುತ್ತಿದ್ದ. ಆಮ್ಲ ತಾಕದಂಥ ವಾರ್ನಿಷ್‌ನಲ್ಲಿ ತಗಡಿನ ಮೇಲೆ ಕವಿತೆ, ಬಳ್ಳಿ, ಮಕ್ಕಳು, ಹಕ್ಕಿ ಎಲ್ಲವನ್ನೂ ಬರೆಯುವುದು. ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರೆಯಬೇಕು. ತಗಡಿಗೆ ಆಮ್ಲ ಸುರಿದರೆ ಬರೆದದ್ದು ಉಬ್ಬಿ ನಿಂತು ಉಳಿದದ್ದು ಕೊರೆದುಹೋಗುತ್ತದೆ. ಉಬ್ಬಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿ, ಆಮೇಲೆ ಒಂದೊಂದು ಪುಟಕ್ಕೂ ಕೈಯಿಂದ ಬಣ್ಣ ತುಂಬುವುದು. ‘ಸಾಂಗ್ಸ್ ಆಫ್ ಇನ್ನೊಸೆನ್ಸ್’ ಹೀಗೆ 1789ರಲ್ಲಿ ಹೊರಬಂತು.

ಈ ಕೆಲಸಕ್ಕೆ ಸಾಮಾನು ಬೇಕಲ್ಲ? ಮನೆಯಲ್ಲಿದ್ದದ್ದು ಎರಡೂವರೆ ಶಿಲಿಂಗ್. ಅದನ್ನೇ ಹಿಡಿದುಕೊಂಡು ಹೋಗಿ ಒಂದು ಶಿಲಿಂಗ್ ಹತ್ತು ಪೆನ್ಸಿಗೆ ಸಾಮಾನು ತಂದವಳು ಹೆಂಡತಿ ಕ್ಯಾಥರೀನ್ ಎಂದು ಗಿಲ್‌ಕ್ರಿಸ್ಟ್ ಬರೆಯುತ್ತಾನೆ. ನಾನು ಈ ಕಥೆಯಲ್ಲಿ ತಡೆದು ನಿಂತದ್ದು ಇಲ್ಲಿಯೇ. ಕ್ಯಾಥರೀನ್ ತರಕಾರಿ ಬೆಳೆದು ಮಾರುವವನ ಮಗಳು. 1782ರಲ್ಲಿ ಮದುವೆಯಾದಾಗ ಚರ್ಚಿನ ಪುಸ್ತಕದಲ್ಲಿ ಸಹಿ ಹಾಕಲು ಬಾರದೆ ಅಡ್ಡಗೆರೆಗಳ ಗುರುತು ಹಾಕಿದವಳು. ಗಂಡನಿಂದ ಓದು ಬರಹ ಕಲಿತಳು, ಅಚ್ಚೊತ್ತಲು ಕಲಿತಳು, ಬಣ್ಣ ತುಂಬಲು ಕಲಿತಳು. ಹಾಳೆ ಜೋಡಿಸಿ ಹೊಲಿದು ಪುಸ್ತಕ ಕಟ್ಟಿದವಳೂ ಅವಳೇ. ಆದರೆ ಮುಖಪುಟದಲ್ಲಿ, ಬರೆದವನೂ ಅಚ್ಚು ಹಾಕಿದವನೂ ಬ್ಲೇಕ್ ಎಂದಷ್ಟೇ ಇದೆ. ಇಂದು ಯಾವ ಪುಟದ ಬಣ್ಣ ಗಂಡನದು, ಯಾವುದು ಹೆಂಡತಿಯದು ಎಂದು ಪಂಡಿತರು ಚರ್ಚೆ ಮಾಡುತ್ತಾರೆ. ಹಬ್ಬದ ಅಡಿಗೆಯಲ್ಲಿ ಯಾರ ಕೈ ಎಷ್ಟಿತ್ತೆಂದು ಊಟವಾದ ಮೇಲೆ ಹುಡುಕಿದ ಹಾಗೆ.

1793ರಲ್ಲಿ ಬ್ಲೇಕ್ ಹೊರಡಿಸಿದ ಪ್ರಕಟಣೆಯಲ್ಲಿ ಈ ಪುಸ್ತಕದ ಬೆಲೆ ಐದು ಶಿಲಿಂಗ್. ಕೊಂಡವರು ಕಡಿಮೆ. ಒಂದೊಂದೇ ಪ್ರತಿಯನ್ನು ಬೇಕಾದಾಗ ಒತ್ತಿ, ಬಣ್ಣ ಹಚ್ಚಿ ಕೊಡುತ್ತಿದ್ದರು. ಹಾಗಾಗಿ ಒಂದು ಪ್ರತಿಯಂತೆ ಇನ್ನೊಂದಿಲ್ಲ.

1827ರಲ್ಲಿ ಗಂಡ ತೀರಿಕೊಂಡ ಮೇಲೆ ಕ್ಯಾಥರೀನ್ ಪರಿಚಿತರ ಮನೆವಾರ್ತೆ ನೋಡಿಕೊಂಡು, ಅವನ ಚಿತ್ರ, ಪುಸ್ತಕಗಳನ್ನು ಮಾರಿಕೊಂಡು ನಾಲ್ಕು ವರ್ಷ ಬದುಕಿದಳು. ಆದರೆ ಮೈದುನನ ಆ ನೋಟ್‌ಬುಕ್ಕನ್ನು ಪಾಮರ್ ಎಂಬ ಪರಿಚಯದವನಿಗೆ ಕೊಟ್ಟಳು. 1847ರಲ್ಲಿ ಕವಿ, ಚಿತ್ರಕಾರ ಡಾಂಟೆ ಗೇಬ್ರಿಯಲ್ ರೊಸೆಟ್ಟಿ ಅದನ್ನು ಪಾಮರನಿಂದ ಹತ್ತು ಶಿಲಿಂಗಿಗೆ ಕೊಂಡ. ಈಗ ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ. ರಾಬರ್ಟ್‌ನ ಕೆಲವು ಪುಟ, ಅಣ್ಣನ ಮೂವತ್ತು ವರ್ಷ, ಅತ್ತಿಗೆಯ ಜೋಪಾನ—ಮೂರೂ ಒಂದೇ ರಟ್ಟಿನೊಳಗೆ.

ಹೋದವರ ಪುಸ್ತಕದಲ್ಲಿ ಬರೆದರೆ ಅವರನ್ನು ಅಳಿಸಿದಂತೆ ಎಂದುಕೊಂಡಿದ್ದೆ ನಾನು. ರಾಬರ್ಟ್‌ನ ಹೆಸರು ಇಂದು ನಮಗೆ ಗೊತ್ತಿರುವುದೇ ಅಣ್ಣ ಆ ಖಾಲಿ ಹಾಳೆಗಳನ್ನು ಖಾಲಿ ಬಿಡಲಿಲ್ಲವಾದ್ದರಿಂದ. ಮೊನ್ನೆ ಬೀರುವಿನಿಂದ ಅಮ್ಮನ ಪುಸ್ತಕ ತೆಗೆದೆ. ಅಮ್ಮ ಹಾಡಿನ ಬುಡದಲ್ಲಿ ಎಲ್ಲಿಯೂ ತನ್ನ ಹೆಸರು ಬರೆದಿರಲಿಲ್ಲ. ಮೊದಲ ಪುಟದಲ್ಲಿ ಅವಳ ಹೆಸರು ಬರೆದೆ. ಆಮೇಲೆ ಅವಳು ನಿಲ್ಲಿಸಿದ ಕಡೆ ಹಾಳೆ ಮಗುಚಿ, ಚುಕ್ಕಿ ಇಡಲು ಕೂತೆ.