ವಠಾರದ ಬಾವಿ: ವರ್ಚುವಲ್ ಮಷೀನಿಗೆ ಡಿಸ್ಕ್ ನೇರವಾಗಿ ದೊರೆತ ಇತಿಹಾಸ

ನಮ್ಮ ಸದಸ್ಯ ಕುಟುಂಬಗಳಲ್ಲಿ ‘ಕ್ಲೌಡ್’ ಎಂಬುದು ಮನೆಮಾತಾಗಿ ಬಹಳ ಕಾಲವಾಯಿತು. ಆ ವೃತ್ತಿಯವರು ನಮ್ಮಲ್ಲಿ ಅನೇಕರು. ವೃತ್ತಿಯವರಲ್ಲದವರ ಮದುವೆಯ ಚಿತ್ರಗಳೂ ಬ್ಯಾಂಕಿನ ಲೆಕ್ಕಗಳೂ ಅಲ್ಲಿಯೇ ಇವೆ. ಅಲ್ಲಿ ಒಂದೇ ಯಂತ್ರದೊಳಗೆ, ಪರಸ್ಪರ ಪರಿಚಯವೇ ಇಲ್ಲದ ಹಲವರ ಗಣಕಗಳು ಬಾಡಿಗೆಗೆ ವಾಸವಾಗಿರುತ್ತವೆ. ಇವೇ ವರ್ಚುವಲ್ ಮಷೀನ್‌ಗಳು. ಬೆಂಗಳೂರು, ಮೈಸೂರಿನ ಹಳೆಯ ವಠಾರಗಳನ್ನು ಕಂಡವರಿಗೆ ಈ ಏರ್ಪಾಡು ಅಪರಿಚಿತವಲ್ಲ: ಹಲವು ಮನೆ, ಒಂದು ಬಾವಿ, ಎಲ್ಲದರ ಮೇಲೂ ಕಣ್ಣಿಟ್ಟಿರುವ ಒಬ್ಬ ಯಜಮಾನ. ಯಜಮಾನನ ಹೆಸರು ಹೈಪರ್‌ವೈಸರ್, ಬಾವಿಯೆಂದರೆ ಡಿಸ್ಕ್. ಬಾಡಿಗೆದಾರನು ಯಜಮಾನನನ್ನು ಕರೆಯದೆ ತಾನೇ ನೀರು ಸೇದಿಕೊಳ್ಳಬಹುದೆ? ಈ ಪ್ರಶ್ನೆಗೆ ಸುಮಾರು ಅರವತ್ತು ವರ್ಷಗಳ ಇತಿಹಾಸವಿದೆ.

ಅದರ ಆರಂಭ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿ. ಐಬಿಎಂ ಸಂಸ್ಥೆಯ ಅಲ್ಲಿನ ವಿಜ್ಞಾನ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಸಂಗಡಿಗರು ಸಿಸ್ಟಮ್/360 ಸರಣಿಯ ಮಾದರಿ 40ರ ಯಂತ್ರವೊಂದನ್ನು ಮಾರ್ಪಡಿಸಿ ಸಿಪಿ-40 ಎಂಬ ವ್ಯವಸ್ಥೆಯನ್ನು ಕಟ್ಟಿದರು. 1967ರ ಜನವರಿಯಲ್ಲಿ ಅದು ನಿತ್ಯಬಳಕೆಗೆ ಬಂದಿತು. ಒಂದು ಯಂತ್ರದಲ್ಲಿ 14 ಯಂತ್ರಗಳು! ಡಿಸ್ಕನ್ನು ಹೋಳುಮಾಡಿ ಪ್ರತಿಯೊಬ್ಬರಿಗೂ ಒಂದೊಂದು ‘ಮಿನಿಡಿಸ್ಕ್’ ಹಂಚಿದರು.

ತೊಡಕು ಎದುರಾದುದು ಡಿಸ್ಕಿನ ಓದುಬರಹದಲ್ಲಿ. ಐಬಿಎಂ ಯಂತ್ರಗಳಲ್ಲಿ ‘ಚಾನೆಲ್’ ಎಂಬ ಪ್ರತ್ಯೇಕ ಅಂಗವು ಪ್ರೊಸೆಸರನ್ನು ಕೇಳದೆ ನೇರವಾಗಿ ಮೆಮೊರಿಗೆ ಬರೆಯುತ್ತಿತ್ತು. ಬಾಡಿಗೆದಾರ ಯಂತ್ರವು ‘ಹತ್ತನೆಯ ಪುಟಕ್ಕೆ ಬರೆ’ ಎಂದರೆ ಅದು ತನ್ನ ಎಣಿಕೆಯ ಹತ್ತು; ನಿಜವಾದ ಮೆಮೊರಿಯಲ್ಲಿ ಆ ಪುಟ ಇನ್ನೆಲ್ಲಿಯೋ ಇರುತ್ತದೆ. ಚಾನೆಲ್‌ಗೆ ಅದು ತಿಳಿಯದು. ಅಪ್ಪಣೆಯನ್ನು ಹಾಗೆಯೇ ದಾಟಿಸಿದರೆ ನೆರೆಮನೆಯವರ ಪುಟ ಅಳಿಸಿಹೋಗಬಹುದು. ಆದ್ದರಿಂದ ಯಜಮಾನನು ಪ್ರತಿ ಅಪ್ಪಣೆಯನ್ನೂ ತಡೆದು, ಓದಿ, ವಿಳಾಸಗಳನ್ನು ತಿದ್ದಿ, ಆಮೇಲೆ ಚಾನೆಲ್‌ಗೆ ಒಪ್ಪಿಸಬೇಕಾಯಿತು. ಇದಕ್ಕೆ ಕಾಲ ಹಿಡಿಯುತ್ತಿತ್ತು. 1972ರಲ್ಲಿ ಪ್ರಕಟವಾದ ವಿಎಂ/370ರ ಕಾಲಕ್ಕೆ ಒಂದು ಅಡ್ಡದಾರಿಯೂ ಹುಟ್ಟಿತು. ಒಬ್ಬ ವಿಶೇಷ ಬಾಡಿಗೆದಾರನಿಗೆ ಅವನ ಎಣಿಕೆಯೂ ನಿಜವಾದ ಎಣಿಕೆಯೂ ಒಂದೇ ಆಗುವಂತೆ ಜಾಗ ಕೊಟ್ಟು, ತಿದ್ದುವ ಕೆಲಸವನ್ನೇ ಕೈಬಿಡುವುದು. ವೇಗವೇನೋ ದೊರೆಯಿತು. ಆದರೆ ಆ ಬಾಡಿಗೆದಾರನ ತಪ್ಪಿನಿಂದ ಇತರರನ್ನು ಕಾಪಾಡಲು ಅವನ ಸಜ್ಜನಿಕೆಯ ಹೊರತು ಹೆಚ್ಚೇನೂ ಉಳಿಯಲಿಲ್ಲ.

ಮುಂದಿನ ಮೂರು ದಶಕಗಳನ್ನು ನಾವು ಬೇಗ ದಾಟಬಹುದು. 1999ರಲ್ಲಿ ವಿಎಂವೇರ್ ಸಾಮಾನ್ಯ ಪಿಸಿಗಳಿಗೆ ಈ ವಿದ್ಯೆಯನ್ನು ತಂದಿತು. 2003ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಝೆನ್ ಬಂದಿತು. (ಎರಡೂ ಕೇಂಬ್ರಿಜ್‌ಗಳಿಗೆ ಈ ಕಥೆಯಲ್ಲಿ ಪಾಲಿರುವುದು ಕಾಕತಾಳೀಯ.) ಲಿನಕ್ಸ್‌ನ ಕೆವಿಎಂ 2007ರಲ್ಲಿ ಸೇರಿತು. ಇವುಗಳಲ್ಲೆಲ್ಲ ನೀರು ಸೇದಿಕೊಡುವವನು ಯಜಮಾನನೇ, ಮತ್ತು ಯಾರೂ ಹೆಚ್ಚು ಗೊಣಗಲಿಲ್ಲ. ಕಾರಣ ಸರಳ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಬೇಕಾದ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡು ಬೇಕು; ಮುಳ್ಳು ಸರಿಯುವ ಕಾಲವೂ ಸೇರಿದರೆ ಅದರ ಎರಡರಷ್ಟೋ ಇನ್ನೂ ಹೆಚ್ಚೋ. ಯಜಮಾನನು ನಡುವೆ 20 ಮೈಕ್ರೋಸೆಕೆಂಡು ತೆಗೆದುಕೊಂಡನೆಂದು ಇಟ್ಟುಕೊಳ್ಳೋಣ. 8000ದಲ್ಲಿ 20 ಯಾವ ಲೆಕ್ಕ? ಹಗ್ಗ ಎಳೆಯುವುದೇ ಅಷ್ಟು ನಿಧಾನವಾದಾಗ ಕೊಡ ಕೈಬದಲಾಗುವ ಹೊತ್ತನ್ನು ಎಣಿಸುವವರಿಲ್ಲ.

ಎಸ್‌ಎಸ್‌ಡಿ ಬಂದು ಈ ಲೆಕ್ಕವನ್ನು ತಲೆಕೆಳಗಾಗಿಸಿತು. ಫ್ಲ್ಯಾಶ್ ಚಿಪ್ಪಿನಿಂದ ಒಂದು ಓದಿಗೆ ಸುಮಾರು 100 ಮೈಕ್ರೋಸೆಕೆಂಡು. ಅದೇ 20 ಈಗ ಐದನೆಯ ಒಂದು ಪಾಲು. 2017ರಲ್ಲಿ ಇಂಟೆಲ್ ತಂದ ಆಪ್ಟೇನ್ ಡ್ರೈವ್‌ಗಳು 10 ಮೈಕ್ರೋಸೆಕೆಂಡಿನ ಆಸುಪಾಸಿನಲ್ಲಿ ಉತ್ತರ ಕೊಟ್ಟಾಗ ಬಾವಿಗಿಂತ ಯಜಮಾನನೇ ನಿಧಾನವೆಂಬ ಸ್ಥಿತಿ ಬಂದಿತು. 2011ರ ಮಾರ್ಚ್‌ನಲ್ಲಿ ಪ್ರಕಟವಾದ ಎನ್‌ವಿಎಂಇ ನಿಯಮಾವಳಿಯೂ ಇದೇ ದಿಕ್ಕಿಗೆ ತಳ್ಳಿತು. ಹಳೆಯ ಸಾಟಾ ಡಿಸ್ಕುಗಳ ಎಎಚ್‌ಸಿಐ ಪದ್ಧತಿಯಲ್ಲಿ ಒಂದೇ ಸರದಿ, ಅದರಲ್ಲಿ 32 ಅಪ್ಪಣೆಗಳಿಗಷ್ಟೇ ಜಾಗ. ಎನ್‌ವಿಎಂಇಯಲ್ಲಿ 65 ಸಾವಿರಕ್ಕೂ ಮಿಕ್ಕಿದ ಸರದಿಗಳಿಗೆ ಅವಕಾಶವಿದೆ. ಅಷ್ಟು ಸರದಿಗಳ ಮುಂದೆ ಒಬ್ಬನೇ ನಿಂತು ವಿಚಾರಿಸುವುದೆಂದರೆ!

ಹಾಗೆಂದು ಕಾವಲನ್ನು ತೆಗೆದುಹಾಕಲಾಗದು; ಅದನ್ನು ಸಾಫ್ಟ್‌ವೇರ್‌ನಿಂದ ಸರ್ಕ್ಯೂಟಿಗೆ ಸ್ಥಳಾಂತರಿಸಬಹುದು. 2006ರ ಸುಮಾರಿಗೆ ಇಂಟೆಲ್ ಮತ್ತು ಎಎಂಡಿ ಐಒಎಂಎಂಯು ಎಂಬ ಅಂಗದ ವಿವರಗಳನ್ನು ಪ್ರಕಟಿಸಿದವು. ಸಾಧನವು ಮೆಮೊರಿಗೆ ಕಳಿಸುವ ಪ್ರತಿ ವಿಳಾಸವನ್ನೂ ಇದು ಬಾಡಿಗೆದಾರನ ಎಣಿಕೆಯಿಂದ ನಿಜವಾದ ಎಣಿಕೆಗೆ ತಾನೇ ಬದಲಿಸುತ್ತದೆ. ಗೆರೆ ದಾಟಿದರೆ ತಡೆಯುತ್ತದೆ. ಐಬಿಎಂ ಎಂಜಿನಿಯರುಗಳು 1967ರಲ್ಲಿ ಸಾಫ್ಟ್‌ವೇರಿನಿಂದ ಮಾಡಿಸುತ್ತಿದ್ದ ಕೆಲಸವೇ ಇದು. 2012ರಲ್ಲಿ ಲಿನಕ್ಸ್‌ಗೆ ಸೇರಿದ ವಿಎಫ್‌ಐಒ ಈ ಕಾವಲಿನ ಆಸರೆಯಲ್ಲಿ ಇಡೀ ಡ್ರೈವನ್ನು ಬಾಡಿಗೆದಾರನ ಕೈಗೆ ಕೊಡುವ ದಾರಿಯನ್ನು ಸುಗಮಗೊಳಿಸಿತು.

ಹೊಸ ಕಾವಲುಗಾರನಲ್ಲಿಯೂ ಕೊರತೆಯಿತ್ತು. ಸಾಧನಗಳು ‘ಕೆಲಸ ಮುಗಿಯಿತು’ ಎಂದು ಪ್ರೊಸೆಸರಿಗೆ ಹೇಳುವುದೂ ಒಂದು ವಿಶೇಷ ವಿಳಾಸಕ್ಕೆ ಬರೆಯುವ ಮೂಲಕವೇ. ಆರಂಭದ ಐಒಎಂಎಂಯುಗಳು ಆ ಸಂದೇಶಗಳನ್ನು ಪರಿಶೀಲಿಸುತ್ತಿರಲಿಲ್ಲ. 2011ರಲ್ಲಿ ರಫಾಲ್ ವೊಯ್ಟ್‌ಚುಕ್ ಮತ್ತು ಜೊಆನ್ನಾ ರುಟ್ಕೊವ್‌ಸ್ಕಾ ಎಂಬ ಭದ್ರತಾ ಸಂಶೋಧಕರು, ಸಾಧನವನ್ನು ಕೈಯಲ್ಲಿ ಹಿಡಿದ ಬಾಡಿಗೆದಾರನು ಸುಳ್ಳು ಸಂದೇಶ ಕಳಿಸಿ ಯಜಮಾನನ ಮನೆಯನ್ನೇ ಹೊಗಬಹುದೆಂದು ತೋರಿಸಿದರು. ಸಂದೇಶಗಳನ್ನೂ ತಪಾಸಣೆಗೆ ಒಳಪಡಿಸುವ ಯಂತ್ರಾಂಗವಿಲ್ಲದೆ ನೇರ ಪ್ರವೇಶ ಸುರಕ್ಷಿತವಲ್ಲವೆಂಬುದು ಆಗ ಸ್ಪಷ್ಟವಾಯಿತು. ನಮ್ಮ ಅಭಿಪ್ರಾಯದಲ್ಲಿ ಈ ಇತಿಹಾಸದ ಅತ್ಯಂತ ಮುಖ್ಯ ಘಟ್ಟ ಇದೇ. ವೇಗದ ಅಂಕಿಗಳ ಸಡಗರದಲ್ಲಿ ಇದನ್ನು ನೆನೆಯುವವರು ಕಡಿಮೆ.

ಇಡೀ ಡ್ರೈವನ್ನು ಕೊಡುವುದರಲ್ಲಿ ಇನ್ನೊಂದು ಅಪಾಯವಿದೆ. ಓದುಬರಹದ ಅಪ್ಪಣೆಗಳ ಜೊತೆಗೆ ಆಡಳಿತದ ಅಪ್ಪಣೆಗಳೂ ಬಾಡಿಗೆದಾರನ ಕೈಸೇರುತ್ತವೆ. ಡ್ರೈವಿನ ಒಳಗಿನ ಫರ್ಮ್‌ವೇರ್ ಬದಲಿಸುವುದೂ ಅವುಗಳಲ್ಲೊಂದು. ಮನೆ ಬಿಡುವಾಗ ಬಾವಿಯೊಳಗೆ ಏನು ಹಾಕಿಹೋದನೆಂದು ಮುಂದೆ ಬರುವವನಿಗೆ ತಿಳಿಯುವುದು ಹೇಗೆ? ಈ ಕಾರಣದಿಂದ ಆಡಳಿತದ ಸರದಿಯನ್ನು ಯಜಮಾನನಲ್ಲೇ ಉಳಿಸಿ ಓದುಬರಹದ ಸರದಿಗಳನ್ನಷ್ಟೇ ನೇರವಾಗಿ ಕೊಡುವ ವಿಧಾನಗಳು ಬಂದವು. ಒಂದೇ ಸಾಧನವು ಹಲವು ಸಾಧನಗಳಂತೆ ತೋರುವ ಎಸ್‌ಆರ್-ಐಒವಿ ನಿಯಮವು 2007ರಷ್ಟು ಹಿಂದೆಯೇ ಸಿದ್ಧವಾಗಿತ್ತು. 2017ರಲ್ಲಿ ಅಮೆಜಾನ್ ತನ್ನ ನೈಟ್ರೊ ವ್ಯವಸ್ಥೆಯನ್ನು ಪ್ರಕಟಿಸಿದಾಗ ಯಜಮಾನನ ಕೆಲಸದ ಬಹುಪಾಲು ಪ್ರತ್ಯೇಕ ಕಾರ್ಡುಗಳಿಗೆ ವರ್ಗವಾಗಿತ್ತು.

ಇದಕ್ಕೆ ತೆತ್ತ ಬೆಲೆಯೂ ಇದೆ. ಯಜಮಾನನೇ ನೀರು ಕೊಡುತ್ತಿದ್ದಾಗ, ಓಡುತ್ತಿರುವ ವರ್ಚುವಲ್ ಮಷೀನನ್ನು ನಿಲ್ಲಿಸದೆ ಬೇರೊಂದು ಯಂತ್ರಕ್ಕೆ ಸಾಗಿಸಬಹುದಾಗಿತ್ತು. 2003ರಿಂದಲೂ ವಿಎಂವೇರ್ ಅದನ್ನು ಮಾಡುತ್ತಿತ್ತು. ನೇರ ಡ್ರೈವ್ ಹಿಡಿದವನು ಆ ಪೆಟ್ಟಿಗೆಗೇ ಕಟ್ಟುಬಿದ್ದ. ಅರ್ಧ ಮುಗಿದ ಅಪ್ಪಣೆಗಳ ಸ್ಥಿತಿ ಡ್ರೈವಿನೊಳಗೇ ಇರುವುದರಿಂದ ಯಜಮಾನನಿಗೆ ಅದು ಕಾಣುವುದಿಲ್ಲ. ಹಲವು ಕ್ಲೌಡ್ ಸೇವೆಗಳಲ್ಲಿ ಇಂಥ ಯಂತ್ರವನ್ನು ನಿಲ್ಲಿಸಿದರೆ ಸ್ಥಳೀಯ ಡ್ರೈವಿನ ಮಾಹಿತಿಯೂ ಹೋಗುತ್ತದೆ. ಆ ಸ್ಥಿತಿಯನ್ನು ಡ್ರೈವೇ ಹೊರಗೆ ಕೊಟ್ಟು, ಇನ್ನೊಂದು ಡ್ರೈವಿನಲ್ಲಿ ಮತ್ತೆ ನೆಲೆಗೊಳಿಸುವ ಅಪ್ಪಣೆಗಳು 2024ರಲ್ಲಿ ಪ್ರಕಟವಾದ ಎನ್‌ವಿಎಂಇ 2.1ರಲ್ಲಿ ಸೇರಿವೆ.